ಮೂರು ಕಡ್ಡಿ ಪುದೀನ

ಮುನಿಶಾಮಯ್ಯನವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತನಾಲ್ಕು ವರ್ಷ ಗೂಡು ತೂಗಿದ ಗುಮಾಸ್ತರು. ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ತಮ್ಮ ಉಸಿರಿನ ಗಾಳಿ ತಗುಲಿ ಯಾರಿಗಾದರೂ ಒಂದು ಗೂಡು ಹೆಚ್ಚುಕಡಿಮೆ ಆದೀತೆಂದು. ಅಷ್ಟು ವರ್ಷದಲ್ಲಿ ಯಾರ ಕೈಯಿಂದಲೂ ಒಂದು ಲೋಟ ಕಾಫಿ ಕುಡಿಯಲಿಲ್ಲ. ಸಂಜೆ ಮನೆಗೆ ಹೊರಡುವಾಗ ಅಂಗಿಗೆ ಅಂಟಿದ ರೇಷ್ಮೆ ಎಳೆಗಳನ್ನು ಬಿಡಿಸಿ ಅಲ್ಲೇ ಮೇಜಿನ ಮೇಲಿಟ್ಟು ಬರುತ್ತಿದ್ದರಂತೆ. ರಾಮನಗರದಲ್ಲಿ ಇಂಥವರು ಇನ್ನೊಬ್ಬರಿಲ್ಲವೆಂದು ನಾವು ಬೀದಿಯವರು ಹೆಮ್ಮೆಯಿಂದ ಹೇಳುತ್ತಿದ್ದೆವು. ಇನ್ನೊಬ್ಬರಿಲ್ಲದ್ದು ಒಳ್ಳೆಯದೇ ಆಯಿತೆಂದು ಒಳಗೊಳಗೇ ಅಂದುಕೊಳ್ಳುತ್ತಲೂ ಇದ್ದೆವು.

ಇಂಥ ಮನುಷ್ಯ ನಿವೃತ್ತರಾದ ಮೇಲೆ ಕೈಕಟ್ಟಿ ಕೂರಲಾರದೆ ತಾರಸಿಯ ಮೇಲೆ ಸೊಪ್ಪಿನ ತೋಟ ಹಾಕಿದರು. ಹನ್ನೊಂದು ಕುಂಡಗಳು. ಪ್ರತಿ ಕುಂಡಕ್ಕೂ ಲ್ಯಾಮಿನೇಷನ್ ಮಾಡಿಸಿದ ಒಂದು ಫಲಕ, ಅದರಲ್ಲಿ ಸೊಪ್ಪಿನ ಹೆಸರು, ನೆಟ್ಟ ದಿನಾಂಕ, ಕ್ರಮಸಂಖ್ಯೆ. ದೊಡ್ಡಪತ್ರೆ ಬಂತು. ಅದು ಯಾರಿಗಾದರೂ ಬರುತ್ತದೆ, ಚಪ್ಪಡಿಯ ಮೇಲೆ ಎಸೆದರೂ ಬರುತ್ತದೆ. ಕೊತ್ತಂಬರಿ, ಮೆಂತ್ಯ, ಒಂದೆಲಗ ಎಲ್ಲವೂ ತಕ್ಕಮಟ್ಟಿಗೆ ಬಂದವು. ಬಾರದೆ ಹೋದದ್ದು ಪುದೀನ ಒಂದೇ. ಮಾರುಕಟ್ಟೆಯ ಕಟ್ಟಿನಿಂದ ಕಡ್ಡಿ ಆರಿಸಿ ನೆಟ್ಟರು, ಕೊಳೆಯಿತು. ನರ್ಸರಿಯಿಂದ ತಂದು ನೆಟ್ಟರು, ಒಣಗಿತು. ಕ್ರಮಸಂಖ್ಯೆ ಏಳರ ಕುಂಡದಲ್ಲಿ ಫಲಕ ಮಾತ್ರ ಹಸಿರು ಅಕ್ಷರಗಳಲ್ಲಿ ನಳನಳಿಸುತ್ತಿತ್ತು.

ಅವರ ಹೆಂಡತಿ ಅಂಕಮ್ಮ ಕೈಲಾಂಚದ ಕಡೆಯ ಹೆಣ್ಣುಮಗಳು. ಸೊಪ್ಪಿಗೆ ಫಲಕ ಹಾಕುವುದನ್ನು ಅವರು ತವರಿನಲ್ಲೂ ಕಂಡಿರಲಿಲ್ಲ, ಕನಸಿನಲ್ಲೂ ಕಂಡಿರಲಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಚಳಿ ಬಿಟ್ಟು ಬಿಸಿಲು ಹದವಾದಾಗ ಒಂದು ಚೀಲ ಹಿಡಿದು ಊರಾಚೆಯ ಹಿಪ್ಪುನೇರಳೆ ತೋಟಗಳ ಕಡೆ ಹೊರಟುಬಿಡುತ್ತಿದ್ದರು. ರೇಷ್ಮೆಹುಳು ಮೇಯಿಸುವ ತೋಟಕ್ಕೆ ಕಂಡ ಕಂಡ ಔಷಧಿ ಹೊಡೆಯುವುದಿಲ್ಲ, ನೀರು ಮಾತ್ರ ತಪ್ಪದೆ ಬಿಡುತ್ತಾರೆ. ಹಾಗಾಗಿ ಗಿಡಗಳ ಸಾಲಿನ ನಡುವೆ ಅಣ್ಣೆ, ಗಣಿಕೆ, ಹೊನಗೊನೆ, ಕಿರಕೀಲೆ ಸೊಪ್ಪುಗಳೆಲ್ಲ ಚೊಕ್ಕಟವಾಗಿ ಎದ್ದಿರುತ್ತವೆ. ಒಂದು ಗಂಟೆ ಬಗ್ಗಿ ಎದ್ದರೆ ಚೀಲ ತುಂಬುತ್ತಿತ್ತು. ಮನೆಗೆ ಬಂದು ಅದಕ್ಕೆ ಅವರೆಕಾಳು ಸೇರಿಸಿ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ನಾಲ್ಕು ಮನೆಯವರು ಕಿಟಕಿಗೆ ಬರುತ್ತಿದ್ದರು. ತೋಟದ ಯಜಮಾನರ ಒಪ್ಪಿಗೆ ಪಡೆದೆಯಾ ಎಂದು ಮುನಿಶಾಮಯ್ಯನವರು ಪ್ರತಿ ಸಲವೂ ಕೇಳುತ್ತಿದ್ದರು. ಕಳೆ ಕಿತ್ತಿದ್ದಕ್ಕೆ ಅವರೇ ನನಗೆ ಕೈಮುಗಿಯಬೇಕು ಎಂದು ಅಂಕಮ್ಮ ಪ್ರತಿ ಸಲವೂ ಹೇಳುತ್ತಿದ್ದರು. ಈ ವಿಚಾರಣೆ ಮುಗಿದ ಮೇಲೆ ಮುನಿಶಾಮಯ್ಯನವರು ಎರಡು ಮುದ್ದೆ ಉಣ್ಣುತ್ತಿದ್ದರು.

ತಾಪತ್ರಯ ಶುರುವಾದದ್ದು ಒಂದು ಫೋನಿನಿಂದ. ಅವರ ಮಗಳು ರಮ್ಯಾಳನ್ನು ಸಾತನೂರಿಗೆ ಕೊಟ್ಟು ಆರು ತಿಂಗಳಾಗಿತ್ತು. ಬೀಗರು ಗಂಗಹನುಮಯ್ಯ, ಎರಡು ಎಕರೆ ಹಿಪ್ಪುನೇರಳೆ, ನಾಲ್ಕು ಹಸು, ಕಡಿಮೆ ಮಾತಿನ ಮನುಷ್ಯ. ಆದರೆ ಆ ಕಡಿಮೆ ಮಾತಿನಲ್ಲೇ ಅಂದು ಫೋನಿನಲ್ಲಿ, ಟೌನಿನವರು ಪಾಪ ಕಟ್ಟು ಲೆಕ್ಕದಲ್ಲಿ ಸೊಪ್ಪು ತಿನ್ನುವವರು ಎಂದುಬಿಟ್ಟರು. ಮುನಿಶಾಮಯ್ಯನವರಿಗೆ ಅದು ನಾಟಿತು. ನಮ್ಮ ಮನೆಯಲ್ಲಿ ಪುದೀನವನ್ನು ಕೊಂಡು ತಿಂದದ್ದೇ ಇಲ್ಲ ಎಂದರು. ಅದು ಅಕ್ಷರಶಃ ನಿಜ. ನೆಡಲು ಕೊಂಡಿದ್ದರೇ ಹೊರತು ತಿನ್ನಲು ಕೊಂಡಿರಲಿಲ್ಲ. ಅಂಕಮ್ಮ ಅಡುಗೆಗೆ ಪುದೀನ ಹಾಕುತ್ತಿರಲಿಲ್ಲ. ಆದರೆ ಮಾತು ಅಲ್ಲಿಗೆ ನಿಲ್ಲದೆ, ಈ ಸಲ ಯುಗಾದಿ ಮಾರನೆಯ ದಿನ ಹೊಸದೊಡಕಿಗೆ ನೀವು ನಮ್ಮ ಮನೆಗೆ ಬರಬೇಕು, ಎಲೆಯ ಮೇಲೆ ಬೀಳುವ ಪುದೀನವೆಲ್ಲ ನಮ್ಮ ತಾರಸಿಯದೇ ಆಗಿರುತ್ತದೆ ಎಂಬಲ್ಲಿಗೆ ಹೋಗಿ ನಿಂತಿತು. ಬತ್ತೀನಿ ಎಂದರು ಗಂಗಹನುಮಯ್ಯ.

ಹೀಗೆ, ಒಂದು ಸುಳ್ಳೂ ಹೇಳದ ನಾಲಿಗೆಯಿಂದ ಹೊರಟ ಮಾತನ್ನು ನಿಜ ಮಾಡಲು ಅವರಿಗೆ ಉಳಿದದ್ದು ಒಂದೂವರೆ ತಿಂಗಳು.

ಪುದೀನ ಎಲ್ಲಿದೆಯೆಂದು ನಮ್ಮ ಬೀದಿಯಲ್ಲಿ ಯಾರೂ ಹುಡುಕಬೇಕಾಗಿಲ್ಲ, ಮೂಗೇ ಕರೆದುಕೊಂಡು ಹೋಗುತ್ತದೆ. ಮುನಿಶಾಮಯ್ಯನವರ ಪಕ್ಕದ ಮನೆ ಅಖ್ತರಿಯವರದು. ಅವರ ಗಂಡ ರೇಷ್ಮೆ ನೂಲು ತೆಗೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಗೂಡು ಬೇಯಿಸುವ ಹಳೆಯ ದೊಡ್ಡ ಪಾತ್ರೆಯೊಂದು ತೂತು ಬಿದ್ದು ಬಚ್ಚಲ ಮೋರಿಯ ಪಕ್ಕ ಕೂತಿತ್ತು. ಅದರಲ್ಲಿ ಪುದೀನ ಅಂಚು ಮೀರಿ ಬೆಳೆದು ಮೋರಿಯ ಉದ್ದಕ್ಕೂ ಹರಿದಿತ್ತು. ಮದುವೆಯಾಗಿ ಬಂದ ವರ್ಷ ಚನ್ನಪಟ್ಟಣದ ಚಿಕ್ಕಮ್ಮನ ಮನೆಯಿಂದ ತಂದ ಬೇರು, ನಲವತ್ತು ವರ್ಷದಿಂದ ಒಂದು ದಿನವೂ ಸತ್ತಿಲ್ಲ ಎಂದು ಅಖ್ತರಿಯವರು ಹೇಳುತ್ತಿದ್ದರು. ರಂಜಾನ್ ತಿಂಗಳಲ್ಲಿ ನಮ್ಮ ಬೀದಿಯ ಅರ್ಧ ಮನೆಗಳ ಗಂಜಿಯೂ ಚಟ್ನಿಯೂ ಆ ಪಾತ್ರೆಯಿಂದಲೇ ನಡೆಯುತ್ತಿತ್ತು.

ಮುನಿಶಾಮಯ್ಯನವರು ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಗೇಟಿನ ಹೊರಗೆ ನಿಂತು, ನೆಡಲು ಮೂರು ಕಡ್ಡಿ ಪುದೀನ ಬೇಕಿತ್ತು ಎಂದು ಕೇಳಿದರು. ಅಖ್ತರಿಯವರು ಅವರ ಮುಖ ನೋಡಿದರು, ಪಾತ್ರೆ ನೋಡಿದರು.

"ಒಲೆ ಮ್ಯಾಲೆ ಹಾಲೈತೆ ಅಣ್ಣ," ಎಂದು ಹೇಳಿ ಒಳಗೆ ಹೋಗಿಬಿಟ್ಟರು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೊಟ್ಟ ಗಿಡ ಹತ್ತುವುದಿಲ್ಲ, ಕದ್ದ ಗಿಡ ಹತ್ತುತ್ತದೆ. ಇದು ನಮ್ಮ ಕಡೆ ಹಿಂದೂ ಮುಸಲ್ಮಾನರೆನ್ನದೆ ಎಲ್ಲರ ಮನೆಯ ಹೆಂಗಸರೂ ಒಪ್ಪಿರುವ ಮಾತು. ಆದ್ದರಿಂದ ಯಾರಾದರೂ ಬಂದು ಗಿಡ ಕೇಳಿದರೆ ಮನೆಯಾಕೆ ಕೊಡುವುದಿಲ್ಲ. ಏನಾದರೊಂದು ನೆಪ ಹೇಳಿ ಬೆನ್ನು ತಿರುಗಿಸಿ ಒಳಗೆ ಹೋಗುತ್ತಾಳೆ. ಬಂದವರು ಆ ಹೊತ್ತಿನಲ್ಲಿ ಬೇಕಾದಷ್ಟು ಕಿತ್ತುಕೊಂಡು ಹೇಳದೆ ಕೇಳದೆ ಹೊರಟುಹೋಗಬೇಕು. ಆಮೇಲೆ ಸಿಕ್ಕಾಗ ಆ ಮಾತೆತ್ತಬಾರದು. ಕೊಡುವುದರಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಮೂರು ವರ್ಷದ ಮಗುವಿಗೂ ಗೊತ್ತಿರುವ ಈ ಸಂಗತಿ ಮುನಿಶಾಮಯ್ಯನವರಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಅವರು ಯಾರನ್ನೂ ಏನನ್ನೂ ಕೇಳಿರಲಿಲ್ಲವಲ್ಲ.

ಅವರು ಗೇಟಿನ ಹೊರಗೆ ಇಪ್ಪತ್ತು ನಿಮಿಷ ನಿಂತರು. ಹಾಲು ಉಕ್ಕಿ, ಇಳಿಸಿ, ಆರಿ, ಹೆಪ್ಪು ಹಾಕುವಷ್ಟು ಹೊತ್ತಾಯಿತು. ಅಖ್ತರಿಯವರು ಕಿಟಕಿಯ ಸಂದಿಯಿಂದ ನೋಡಿದರು. ಇವರು ಇನ್ನೂ ನಿಂತೇ ಇದ್ದಾರೆ, ಕೈ ಕಟ್ಟಿಕೊಂಡು. ಕೊನೆಗೆ ಮುನಿಶಾಮಯ್ಯನವರು ಬರಿಗೈಯಲ್ಲಿ ಮನೆಗೆ ಬಂದರು.

ಎರಡು ದಿನ ಬಿಟ್ಟು ಮತ್ತೆ ಹೋದರು. ಈ ಸಲ ಅಖ್ತರಿಯವರು, ಪಾಪ ಮನುಷ್ಯನಿಗೆ ಸಂಕೋಚ ಇರಬೇಕೆಂದು, ಗೇಟನ್ನೂ ತೆಗೆದಿಟ್ಟು ಒಳಗೆ ಹೋದರು. ಮುನಿಶಾಮಯ್ಯನವರು ಗೇಟು ತೆಗೆದಿರುವುದು ಸರಿಯಲ್ಲವೆಂದು ಅದನ್ನು ಮುಚ್ಚಿ ಚಿಲಕ ಹಾಕಿ ಹೊರಗೆ ನಿಂತರು. ಮೂರನೆಯ ಸಲ ಅಖ್ತರಿಯವರು ಹಾಲೂ ಗೇಟೂ ಸಾಲದೆಂದು ಮಗ ಫರ್ಹಾನ್, ಸೊಸೆ ಹಿನಾ ಇಬ್ಬರನ್ನೂ ಕರೆದುಕೊಂಡು ಮನೆಗೆ ಬೀಗ ಹಾಕಿ ಪೇಟೆಗೇ ಹೊರಟುಬಿಟ್ಟರು. ನನ್ನನ್ನು ಕಂಡರೆ ಮನೆ ಬಿಟ್ಟು ಓಡುವಷ್ಟು ದ್ವೇಷವೇ ಎಂದು ಮುನಿಶಾಮಯ್ಯನವರಿಗೆ ಅಂದು ತುಂಬ ನೋವಾಯಿತು. ಮನೆಯಲ್ಲಿ ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಅರ್ಜಿ ಬರೆದರು.

ಅರ್ಜಿ ಒಂದು ಪುಟ ಪೂರ್ತಿ ಇತ್ತು. ವಿಷಯ: ಮೂರು ಕಡ್ಡಿ ಪುದೀನ ಕೋರಿ. ಉಲ್ಲೇಖ: ತಮ್ಮಲ್ಲಿ ಮೂರು ಬಾರಿ ಮಾಡಿದ ಮೌಖಿಕ ಮನವಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಬಚ್ಚಲ ಮೋರಿಯ ಪಕ್ಕದಲ್ಲಿ ಬೆಳೆದಿರುವ ಪುದೀನದ ಪೈಕಿ ಬೇರುಸಹಿತ ಮೂರು ಕಡ್ಡಿಗಳನ್ನು ಮಂಜೂರು ಮಾಡಬೇಕೆಂದೂ, ಸಾಧ್ಯವಿಲ್ಲದಿದ್ದಲ್ಲಿ ಕಾರಣವನ್ನು ತಿಳಿಸಬೇಕೆಂದೂ ಕೋರಿದ್ದರು. ಕೊನೆಗೆ 'ಪ್ರತಿ' ಎಂದು ಬರೆದು ಕೆಳಗೆ ಏನೂ ಇಲ್ಲದಿರುವುದನ್ನು ಅವರಿಗೆ ಸಹಿಸಲಾಗಲಿಲ್ಲ. ಪ್ರತಿಯಿಲ್ಲದ ಅರ್ಜಿ ಗುಂಡಿಯಿಲ್ಲದ ಅಂಗಿಯ ಹಾಗೆ. ವಾರ್ಡಿನ ಆರೋಗ್ಯಾಧಿಕಾರಿಗಳಿಗೆ, ಮಾಹಿತಿಗಾಗಿ ಎಂದು ಸೇರಿಸಿದರು. ಸೇರಿಸಿದ ಮೇಲೆ ಕಳಿಸದಿದ್ದರೆ ಸುಳ್ಳಾಗುತ್ತದೆಂದು ಅಂಚೆಯಲ್ಲಿ ಕಳಿಸಿಯೂಬಿಟ್ಟರು.

ಫರ್ಹಾನನದು ಮೊಬೈಲ್ ರಿಪೇರಿ ಅಂಗಡಿ. ಅವನು ಅರ್ಜಿಯನ್ನು ಅಮ್ಮನಿಗೆ ಓದಿ ಹೇಳಿ, ಅರ್ಥವಾಗದೆ ಇನ್ನೊಮ್ಮೆ ಓದಿ, ಆಮೇಲೆ ಅದರ ಫೋಟೋ ತೆಗೆದು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಬೀದಿ ಎರಡು ಪಕ್ಷವಾಯಿತು. ಅಖ್ತರಿಯವರಂಥ ಕೈಬಿಚ್ಚಿನ ಹೆಂಗಸು ಪುದೀನ ಇಲ್ಲವೆಂದರೆ ಅದಕ್ಕೊಂದು ಕಾರಣ ಇರಲೇಬೇಕು ಎಂದು ಕೆಲವರು. ಮುನಿಶಾಮಯ್ಯನವರಂಥ ಮನುಷ್ಯ ಅರ್ಜಿ ಬರೆಯುವ ಮಟ್ಟಕ್ಕೆ ಬಂದರೆಂದರೆ ವಿಷಯ ಪುದೀನ ಅಲ್ಲ, ಗೋಡೆಯದೋ ಜಾಗದ್ದೋ ಇರಬೇಕು ಎಂದು ಇನ್ನು ಕೆಲವರು. ಎದುರು ಮನೆಯ ರಸೂಲ್ ಸಾಹೇಬರು ಟೇಪು ತಂದು ಎರಡೂ ಮನೆಯ ನಡುವಿನ ಗೋಡೆಯನ್ನು ಅಳೆದೇಬಿಟ್ಟರು. ಗೋಡೆ ಸರಿಯಾಗಿತ್ತು. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು.

ಅಂಕಮ್ಮನಿಗೆ ಸುದ್ದಿ ಮುಟ್ಟಿದ್ದು ರಮ್ಯಾಳ ಫೋನಿನಿಂದ, ಸಾತನೂರಿಂದ. ಅವರು ಗಂಡನನ್ನು ಕೂರಿಸಿಕೊಂಡು, ಅಖ್ತರಕ್ಕ ಏನಂದ್ರು, ಎಲ್ಲಿ ನಿಂತಿದ್ದರು, ನೀವೆಲ್ಲಿ ನಿಂತಿದ್ದಿರಿ ಎಂದು ಒಂದೊಂದಾಗಿ ಕೇಳಿದರು. ಕೇಳಿ ಮುಗಿದ ಮೇಲೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು.

"ಅವ್ರು ಒಳಕ್ಕೋಗಿದ್ದು ನೀವು ಕಿತ್ಕಳಿ ಅಂತ ಕಣ್ರೀ. ಪಾಪ, ಮನೆ ಬೀಗ ಹಾಕ್ಕಂಡ್ ಹೋಗವ್ರೆ. ಇನ್ನೆಂಗ್ ಹೇಳ್ಬೇಕಿತ್ತು ನಿಮ್ಗೆ?"

ಮುನಿಶಾಮಯ್ಯನವರು ಅದು ಕಳ್ಳತನ ಆಗುವುದಿಲ್ಲವೇ ಎಂದರು. ಆಗುತ್ತದೆ, ಆಗಲೇಬೇಕು ಎಂದರು ಅಂಕಮ್ಮ. ಹಾಗಾದರೆ ನೀನೇ ತಂದುಕೊಡು ಎಂದರು. ನೆಡುವ ಕೈಯೇ ಕದಿಯಬೇಕು, ನಾನು ತಂದರೆ ನನ್ನ ಗಿಡ ಆಗುತ್ತದೆ, ಬೀಗರಿಗೆ ಹಾಗೇ ಹೇಳಲೇ ಎಂದು ಅಂಕಮ್ಮ ಕೇಳಿದರು.

ಅಷ್ಟರಲ್ಲಿ ರಂಜಾನ್ ತಿಂಗಳು ಶುರುವಾಗಿತ್ತು. ನಾಲ್ಕನೆಯ ದಿನ ಸಂಜೆ ಉಪವಾಸ ಬಿಡುವ ಹೊತ್ತಿಗೆ, ಅಖ್ತರಿಯವರ ಮನೆಯವರೆಲ್ಲ ಒಳಗೆ ಇರುತ್ತಾರೆಂದು ಲೆಕ್ಕ ಹಾಕಿ, ಮುನಿಶಾಮಯ್ಯನವರು ಚಪ್ಪಲಿ ಬಿಟ್ಟು ಹೊರಟರು. ಮಸೀದಿಯಿಂದ ಆಜಾನ್ ಕೇಳಿದ ಕೂಡಲೇ ಗೇಟು ತಳ್ಳಿ ಒಳಗೆ ಹೋದರು. ಆ ಹೊತ್ತು ಮನೆಯೊಳಗೆ ಮೂರು ಜನ ಬಾಯಲ್ಲಿ ಖರ್ಜೂರ ಇಟ್ಟುಕೊಂಡು ಕಿಟಕಿಯ ಪರದೆಯ ಹಿಂದೆ ಅಲುಗಾಡದೆ ಕೂತಿದ್ದರು. ಹಿನಾಗೆ ನಗು ಬಂದು ಶರಬತ್ತು ನೆತ್ತಿಗೇರಿತು. ಅಖ್ತರಿಯವರು ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಕೊನೆಗೂ ಮನುಷ್ಯ ಬಂದನಲ್ಲ ಎಂದು ಅವರಿಗೆ ಮನಸ್ಸು ಹಗುರವಾಗಿತ್ತು.

ಮುನಿಶಾಮಯ್ಯನವರು ಎಣಿಸಿ ಮೂರು ಕಡ್ಡಿ ಕಿತ್ತರು. ಬೇರಿನ ಜೊತೆ ನಾಲ್ಕನೆಯದೂ ಎದ್ದು ಬಂತು. ಅದನ್ನು ಮತ್ತೆ ಮಣ್ಣಿಗೆ ಊರಿ, ಸುತ್ತ ಒತ್ತಿ, ಚೊಂಬು ಹುಡುಕಿ ನೀರು ಹಾಕಿದರು. ಆಮೇಲೆ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು, ನಾಲ್ಕನೆಯ ಕಡ್ಡಿಯ ವಿಚಾರವನ್ನೂ ಅದರಲ್ಲಿ ಸೇರಿಸಿ, ಪಾತ್ರೆಯ ಪಕ್ಕದ ಕಲ್ಲಿನ ಕೆಳಗೆ ಇಟ್ಟರು. ಚೀಟಿಯಲ್ಲಿ ಹೀಗಿತ್ತು: ಈ ದಿನ ಸಂಜೆ ತಮ್ಮ ಪಾತ್ರೆಯಿಂದ ಬೇರುಸಹಿತ ಮೂರು ಕಡ್ಡಿ ಪುದೀನವನ್ನು ತಮಗೆ ತಿಳಿಯದಂತೆ ತೆಗೆದುಕೊಂಡಿರುತ್ತೇನೆ. ಹೆಚ್ಚುವರಿ ಒಂದು ಕಡ್ಡಿಯನ್ನು ಸ್ಥಳದಲ್ಲೇ ಹಿಂತಿರುಗಿಸಿರುತ್ತೇನೆ. ಇಂತಿ ತಮ್ಮ ವಿಶ್ವಾಸಿ. ಕೆಳಗೆ ಸಹಿ, ದಿನಾಂಕ.

ಮಾರನೆಯ ಬೆಳಿಗ್ಗೆ ಅಖ್ತರಿಯವರು ಆ ಚೀಟಿಯನ್ನು ಬಾಲ ಹಿಡಿದ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು. ಮುನಿಶಾಮಯ್ಯನವರು ಬಾಗಿಲ ಮರೆಗೆ ಸರಿದರು. ಅಖ್ತರಿಯವರು ಅಂಕಮ್ಮನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ಕಲ್ಲಿನ ಕೆಳಗೆ ಬಿದ್ದಿತ್ತು ಅಂಕಮ್ಮ. ನಾನು ಬಿಚ್ಚಿಲ್ಲ. ಕನ್ನಡಕ ಬೇರೆ ತಂದಿಲ್ಲ. ಏನೈತೆ ನೋಡಿ ಒಸಿ."

ಕನ್ನಡಕ ಅವರ ಕೊರಳಲ್ಲೇ ದಾರಕ್ಕೆ ನೇತಾಡುತ್ತಿತ್ತು. ಕಾಗದವನ್ನು ಒಂದೇ ಅಳತೆಗೆ ನಾಲ್ಕು ಮಡಿಕೆ ಮಾಡುವವರು ಆ ಬೀದಿಯಲ್ಲಿ ಯಾರೆಂದು ಅಂಕಮ್ಮನಿಗೆ ಬಿಚ್ಚದೆಯೇ ಗೊತ್ತಾಯಿತು. ಬಿಚ್ಚಿದರು, ಓದಿದರು.

"ಏನಿಲ್ಲ ಅಖ್ತರಕ್ಕ. ಯಾವ್ದೋ ಅಂಗ್ಡಿ ಚೀಟಿ, ಗಾಳೀಲಿ ಬಂದೈತೆ," ಎಂದು ನೀರೊಲೆಗೆ ಹಾಕಿದರು.

ನಾನೂ ಹಾಗೇ ಅಂದುಕೊಂಡೆ ಎಂದರು ಅಖ್ತರಿಯವರು. ಓದದ ಚೀಟಿ ಚೀಟಿಯಲ್ಲ. ಕಳ್ಳತನ ಊರ್ಜಿತವಾಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಮುನಿಶಾಮಯ್ಯನವರು ಮಾತ್ರ ತಮ್ಮ ಸಹಿ ಉರಿಯುವುದನ್ನು ಕಣ್ಣಾರೆ ನೋಡಿದರು.

ಪುದೀನ ಹತ್ತಿತು. ವಾರಕ್ಕೇ ಚಿಗುರಿತು. ಮುನಿಶಾಮಯ್ಯನವರು ದಿನಕ್ಕೆ ಆರು ಸಲ ತಾರಸಿ ಹತ್ತಿ ಎಲೆ ಎಣಿಸುತ್ತಿದ್ದರು. ಫಲಕದಲ್ಲಿ ಹೊಸ ದಿನಾಂಕ ಬಂತು.

ಅಧಿಕಾರಿಗಳು ಬರುವುದು ಯಾವಾಗಲೂ ಕೆಲಸ ಮುಗಿದ ಮೇಲೆ. ಕಡ್ಡಿ ನೆಟ್ಟ ಹತ್ತನೆಯ ದಿನ ಆರೋಗ್ಯಾಧಿಕಾರಿಯೊಬ್ಬರು ಅರ್ಜಿಯ ಪ್ರತಿ ಹಿಡಿದು ಬೀದಿಗೆ ಬಂದರು. ಫರ್ಹಾನ್ ಅವರಿಗೆ, ಇದು ಹಳೆಯ ವಿಷಯ ಸಾರ್, ಎಲ್ಲ ಸರಿಹೋಗಿದೆ ಎಂದ. ಸರಿಹೋಗಿದ್ದರೂ ಕಾಗದ ಬಂದಿದೆ, ಬಂದ ಕಾಗದಕ್ಕೆ ಏನು ಕ್ರಮ ತೆಗೆದುಕೊಂಡೆ ಎಂದು ನಾನು ಬರೆಯಬೇಕಲ್ಲ ಎಂದರು ಅವರು. ಪುದೀನದ ಮೇಲೆ ಕ್ರಮ ತೆಗೆದುಕೊಳ್ಳಲು ಅವರ ಹತ್ತಿರ ಯಾವ ನಿಯಮವೂ ಇರಲಿಲ್ಲ. ಅರ್ಜಿಯನ್ನು ಇನ್ನೊಮ್ಮೆ ಓದಿದಾಗ ಅದರಲ್ಲಿ ಮೋರಿ ಎಂಬ ಪದ ಕಂಡಿತು. ಮೋರಿಗೆ ನಿಯಮ ಇತ್ತು. ಮೋರಿಯ ಉದ್ದಕ್ಕೂ ಎರಡು ಚೀಲ ಬ್ಲೀಚಿಂಗ್ ಪೌಡರ್ ಸುರಿಸಿ, ಫೋಟೋ ತೆಗೆದುಕೊಂಡು, ಬಹಳ ಮರ್ಯಾದೆಯಿಂದಲೇ ನಮಸ್ಕಾರ ಹೇಳಿ ಹೋದರು.

ಮೂರು ದಿನಕ್ಕೆ ಅಖ್ತರಿಯವರ ಪುದೀನ ಹಳದಿಯಾಯಿತು. ಐದನೆಯ ದಿನ ಕಪ್ಪಾಯಿತು. ನಲವತ್ತು ವರ್ಷದ ಬೇರು.

ಬೀದಿಯವರು ಮುನಿಶಾಮಯ್ಯನವರಿಗೆ ಏನೂ ಅನ್ನಲಿಲ್ಲ, ಅದೇ ಅವರಿಗೆ ಕಷ್ಟವಾದದ್ದು. ಗಂಜಿಗೆ ಮಾರುಕಟ್ಟೆಯ ಪುದೀನ ತರುತ್ತಿದ್ದವರು ಅವರ ಮನೆ ಮುಂದೆ ಬಂದಾಗ ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಳ್ಳುತ್ತಿದ್ದರು. ಮುನಿಶಾಮಯ್ಯನವರು ಅಖ್ತರಿಯವರ ಗೇಟಿಗೆ ಹೋಗಿ, ನನ್ನಿಂದ ತಪ್ಪಾಯಿತು ಎಂದು ತಲೆ ತಗ್ಗಿಸಿ ನಿಂತರು.

"ಹೋಗ್ಲಿ ಬುಡಿ ಅಣ್ಣ," ಎಂದರು ಅಖ್ತರಿಯವರು. "ಬೇರು ಎಲ್ಲಾದ್ರೂ ಒಂದ್ ಕಡೆ ಬದುಕಿದ್ರೆ ಸಾಕು."

ಹೇಳಿ, ತಲೆಯೆತ್ತಿ ಪಕ್ಕದ ತಾರಸಿಯ ಕಡೆ ನೋಡಿದರು. ಮುನಿಶಾಮಯ್ಯನವರೂ ತಲೆಯೆತ್ತಿ ನೋಡಿದರು. ಅವರಿಗೆ ಆಕಾಶ ಕಂಡಿತು.

ಎರಡೂ ಮನೆಯ ತಾರಸಿಗಳ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಅಖ್ತರಿಯವರು ಒಂದು ದಿನ ಬಟ್ಟೆ ಒಣಹಾಕುವ ನೆಪದಲ್ಲಿ ಆ ಗೋಡೆಯ ಹತ್ತಿರ ಬಂದು, ಪುದೀನ ಚೆನ್ನಾಗಿ ಬಂದಿದೆ ಎಂದರು. ಮುನಿಶಾಮಯ್ಯನವರು ಸಂತೋಷದಿಂದ ಗೊಬ್ಬರದ ಪ್ರಮಾಣವನ್ನು ವಿವರಿಸಿದರು. ಅಖ್ತರಿಯವರು ನಿಂತು ನಿಂತು ಸಾಕಾಗಿ ಇಳಿದುಹೋದರು. ಇನ್ನೊಂದು ದಿನ ಬಂದರು. ಅಂದು ನೀರಿನ ಪ್ರಮಾಣ ವಿವರಿಸಿದರು. ಕೆಳಗಿಂದ ಇದನ್ನೆಲ್ಲ ಕೇಳಿಸಿಕೊಂಡ ಅಂಕಮ್ಮ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದರು, ಅವರು ಎರಡು ಸಲ ಬಂದರು, ನೀವು ಒಂದು ಸಲವೂ ಎದ್ದು ಹೋಗಲಿಲ್ಲ.

ಮುನಿಶಾಮಯ್ಯನವರ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನಲ್ಲೇ ನಿಂತಿತು. ಈಗ ಎಲ್ಲ ತಿಳಿಯಿತು. ತಿಳಿದದ್ದರಿಂದ ಕಷ್ಟ ಕಡಿಮೆಯಾಗಲಿಲ್ಲ. ಇರುವುದು ಒಂದು ಕುಂಡ. ಹೊಸದೊಡಕಿಗೆ ನಾಲ್ಕು ದಿನ ಇದೆ. ಅಖ್ತರಿಯವರು ಕಿತ್ತರೆ ಬೀಗರ ಎಲೆಗೆ ಏನೂ ಉಳಿಯುವುದಿಲ್ಲ. ಬೀಗರು ಬಂದುಹೋಗಲಿ, ಆಮೇಲೆ ಒಂದು ಇಡೀ ದಿನ ಬೆನ್ನು ತಿರುಗಿಸಿ ಕೂರುತ್ತೇನೆ ಎಂದರು. ಅಂಕಮ್ಮ ಮಾತಾಡದೆ ಇನ್ನೊಂದು ಸೌಟು ಸಾರು ಹಾಕಿದರು. ಅವರು ಮಾತಾಡದೆ ಸಾರು ಹಾಕಿದರೆ ಅದರ ಅರ್ಥ ಒಳ್ಳೆಯದಾಗಿರುವುದಿಲ್ಲ.

ಆ ವರ್ಷ ಹೊಸದೊಡಕೂ ರಂಜಾನ್ ಹಬ್ಬವೂ ಒಂದೇ ದಿನ ಬಿದ್ದವು. ಊರಿಗೆ ಊರೇ ಮಾಂಸದಡುಗೆ. ಬೆಳಿಗ್ಗೆ ಎಂಟಕ್ಕೆಲ್ಲ ಮಾರುಕಟ್ಟೆಯಲ್ಲಿ ಒಂದು ಎಲೆ ಪುದೀನ ಇರಲಿಲ್ಲ. ನಮಾಜು ಮುಗಿಸಿ ಬಂದ ಫರ್ಹಾನ್ ಎರಡು ಮಾರುಕಟ್ಟೆ ಸುತ್ತಿ ಬರಿ ಕೊತ್ತಂಬರಿ ಹಿಡಿದು ಬಂದ. ಪುದೀನ ಇಲ್ಲದ ಬಿರಿಯಾನಿ ಅಖ್ತರಿಯವರ ಮನೆಯಲ್ಲಿ ನಲವತ್ತು ವರ್ಷದಲ್ಲಿ ಆಗಿರಲಿಲ್ಲ. ಗೋಡೆಯಾಚೆಯಿಂದ ಈ ಮಾತೆಲ್ಲ ಮುನಿಶಾಮಯ್ಯನವರ ಕಿವಿಗೆ ಬಿತ್ತು.

ಹತ್ತೂವರೆಗೆ ಗಂಗಹನುಮಯ್ಯನವರು ಮಗ ಸೊಸೆಯ ಜೊತೆ ಬಂದಿಳಿದರು. ನೀರು ಕುಡಿದ ಕೂಡಲೇ, ಎಲ್ಲಿ ತೋಟ ಎಂದರು. ಮುನಿಶಾಮಯ್ಯನವರು ಅವರನ್ನು ತಾರಸಿಗೆ ಕರೆದುಕೊಂಡು ಹೋಗಿ ಕ್ರಮಸಂಖ್ಯೆ ಒಂದರಿಂದ ತೋರಿಸುತ್ತಾ ಬಂದರು. ದೊಡ್ಡಪತ್ರೆಗೆ ಬೀಗರು ಹೂಂ ಎಂದರು. ಒಂದೆಲಗಕ್ಕೂ ಹೂಂ ಎಂದರು. ಇನ್ನು ಪುದೀನದ ಹತ್ತಿರ ಬರಬೇಕು ಎನ್ನುವಾಗ ಪಕ್ಕದ ತಾರಸಿಯ ಬಾಗಿಲು ತೆರೆಯಿತು. ಅಖ್ತರಿಯವರು ಹಬ್ಬದ ಹೊಸ ಬಟ್ಟೆಯಲ್ಲಿ, ಕೈಗೆರಡೆರಡು ಬೆಳ್ಳಿ ಬಳೆ ತೊಟ್ಟು, ಒಂದು ಖಾಲಿ ತಟ್ಟೆ ಹಿಡಿದು ಬಂದು ನಿಂತರು. ಬೀಗರಿದ್ದುದನ್ನು ಕಂಡು ಹಿಂದಕ್ಕೆ ಹೆಜ್ಜೆಯಿಟ್ಟರು.

ಮುನಿಶಾಮಯ್ಯನವರ ತಕ್ಕಡಿಯ ಮುಳ್ಳು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಲಾಡಿತು. ಒಂದು ಕಡೆ ಬೀಗರ ಮುಂದೆ ಮರ್ಯಾದೆ, ಇನ್ನೊಂದು ಕಡೆ ನಲವತ್ತು ವರ್ಷದ ಬೇರು. ಹಳೆಯ ಅಭ್ಯಾಸದಂತೆ ಉಸಿರು ಬಿಗಿಹಿಡಿದರು. ಮುಳ್ಳು ನಿಂತಿತು.

ಅವರು ಬೀಗರ ಹೆಗಲು ಹಿಡಿದು ಪೂರ್ತಿ ಹಿಂದಕ್ಕೆ ತಿರುಗಿಸಿದರು.

"ಬೀಗ್ರೆ, ಒಸಿ ಈ ಕಡೆ ನೋಡಿ. ಬೆಟ್ಟ."

"ಬೆಟ್ಟ ನೋಡಕ್ಕೆ ಸಾತನೂರಿಂದ ಬರ್ಬೇಕಾಗಿತ್ತಾ ಬೀಗ್ರೆ?"

"ಅಲ್ಲಿ ರಣಹದ್ದು ಅವೆ."

ಗಂಗಹನುಮಯ್ಯನವರು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಎಲ್ಲಿ ಎಂದರು. ಈಗ ಇಲ್ಲ, ಬರುತ್ತವೆ, ಕಾಯಬೇಕು ಎಂದರು ಮುನಿಶಾಮಯ್ಯನವರು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ಕಾದರು. ಹಿಂದೆ ಗೋಡೆ ದಾಟಿದ ಹೆಜ್ಜೆ ಸದ್ದಾಯಿತು. ಮುನಿಶಾಮಯ್ಯನವರು ಕೆಮ್ಮಿದರು. ಬಳೆ ಸದ್ದಾಯಿತು. ಮತ್ತೆ ಕೆಮ್ಮಿದರು. ಆಮೇಲೆ ಪುದೀನದ ವಾಸನೆ ಗಾಳಿಯಲ್ಲಿ ಬಂತು, ಅದಕ್ಕೆ ಕೆಮ್ಮಿ ಪ್ರಯೋಜನವಿರಲಿಲ್ಲ. ನೀರಿನ ಟ್ಯಾಂಕು, ಕರೆಂಟು ಕಂಬ, ದೂರದ ರೈಲು ಹಳಿ ಎಲ್ಲವನ್ನೂ ಅವರು ಬೆರಳು ಮಾಡಿ ತೋರಿಸಿದರು. ಗಂಗಹನುಮಯ್ಯನವರ ಮೂಗು ಒಂದು ಸಲ ಅರಳಿತು, ಆದರೆ ಕತ್ತು ತಿರುಗಲಿಲ್ಲ. ಸಾತನೂರಿನ ಮನುಷ್ಯ. ಯಾವಾಗ ತಿರುಗಬಾರದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಕ್ಕದ ತಾರಸಿಯ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಅವರು ನಿಧಾನವಾಗಿ, "ಹದ್ದು ಹೋಯ್ತಾ ಬೀಗ್ರೆ?" ಎಂದು ಕೇಳಿದರು.

"ಹೋಯ್ತು," ಎಂದರು ಮುನಿಶಾಮಯ್ಯನವರು.

ಹದ್ದು ಬಂದೇ ಇರಲಿಲ್ಲ. ನಮಗೆ ತಿಳಿದಂತೆ ಅದು ಅವರ ಜೀವಮಾನದ ಮೊದಲ ಸುಳ್ಳು.

ತಿರುಗಿ ನೋಡಿದರೆ ಕ್ರಮಸಂಖ್ಯೆ ಏಳರ ಕುಂಡದಲ್ಲಿ ಫಲಕದ ಸುತ್ತ ಬೆರಳುದ್ದದ ಐದಾರು ಬುಡಗಳು ಮಾತ್ರ ಇದ್ದವು. ಬೀಗರು ಫಲಕ ಓದಿದರು. ಇವತ್ತು ಕೊಯ್ದಾಯಿತು ಎಂದರು ಮುನಿಶಾಮಯ್ಯನವರು. ಹೂಂ ಎಂದರು ಬೀಗರು.

ಊಟಕ್ಕೆ ಎಲೆ ಹಾಕಿದ್ದಾಯಿತು. ಮುದ್ದೆ, ಮಟನ್ ಸಾರು, ಹಿಂದಿನ ದಿನ ಅಂಕಮ್ಮ ಹಿಪ್ಪುನೇರಳೆ ತೋಟದಿಂದ ತಂದ ಬೆರಕೆ ಸೊಪ್ಪಿನ ಪಲ್ಯ. ಪುದೀನದ ಜಾಗ ಖಾಲಿ. ಮುನಿಶಾಮಯ್ಯನವರು ಕೊಟ್ಟ ಮಾತು ತಪ್ಪಿದೆನೆಂದು ಹೇಳಿ ಕೈಮುಗಿಯಲು ಎದ್ದು ನಿಂತರು. ಬಾಯಿ ತೆರೆಯುವಷ್ಟರಲ್ಲಿ ಫರ್ಹಾನ್ ಒಳಗೆ ಬಂದು, ಅಮ್ಮ ಕೊಟ್ಟರು ಎಂದು ಒಂದು ಡಬ್ಬಿ ಇಟ್ಟು ಹೋದ. ಮುಚ್ಚಳ ತೆಗೆದರೆ ಹಸಿ ಪುದೀನ ಚಟ್ನಿ. ಅಂಕಮ್ಮ ಎಲ್ಲರ ಎಲೆಗೂ ಬಡಿಸಿದರು. ಬೀಗರು ನೆಕ್ಕಿ ನೋಡಿ, ಇನ್ನೊಂದು ಸಲ ಹಾಕಿಸಿಕೊಂಡು, ಇದು ನಿಮ್ಮ ತಾರಸಿಯದೇನಾ ಎಂದು ಕೇಳಿದರು. ಮುನಿಶಾಮಯ್ಯನವರು ಯೋಚಿಸಿ ನೋಡಿದರು. ನಮ್ಮದೇ ಎಂದರು. ಅದು ನಿಜವೇ ಆಗಿತ್ತು, ಆದ್ದರಿಂದ ಕೂತು ಎರಡನೆಯ ಮುದ್ದೆ ಹಾಕಿಸಿಕೊಂಡರು.

ಊಟವಾದ ಮೇಲೆ ಗಂಗಹನುಮಯ್ಯನವರು ಒಬ್ಬರೇ ಎಲೆಯಡಿಕೆ ಹಾಕಿಕೊಂಡು ಗಾಳಿಗೆಂದು ತಾರಸಿಗೆ ಹೋಗಿ ಬಂದರು. ಸಂಜೆ ಹೊರಡುವಾಗ ಮುನಿಶಾಮಯ್ಯನವರು ಗೇಟಿನವರೆಗೂ ಬಂದರು. ಬೀಗರು ಕೈಮುಗಿದರು. ಕೈಮುಗಿದಾಗ ಅವರ ಬಿಳಿ ಅಂಗಿಯ ಜೇಬಿನಿಂದ ಮಣ್ಣು ಮೆತ್ತಿದ ಒಂದು ಬೇರೂ ಎರಡು ಹಸಿರೆಲೆಯೂ ಹೊರಗೆ ಇಣುಕಿದವು.

"ಬೀಗ್ರೆ, ನಿಮ್ಮ ಜೇಬಲ್ಲಿ..." ಎಂದು ಮುನಿಶಾಮಯ್ಯನವರ ಬಾಯಿ ತಾನಾಗಿಯೇ ಶುರುಮಾಡಿತು. ಗಂಗಹನುಮಯ್ಯನವರು ರಸ್ತೆಯ ಕಡೆ ನೋಡುತ್ತಾ ಕಲ್ಲಿನಂತೆ ನಿಂತರು. ಪಕ್ಕದ ಗೇಟಿನಲ್ಲಿ ಅಖ್ತರಿಯವರು, ಹಳೆಯ ಪಾತ್ರೆಗೆ ಹೊಸ ಮಣ್ಣು ತುಂಬುತ್ತಿದ್ದವರು, ಕೈ ನಿಲ್ಲಿಸಿದರು. ಬಾಗಿಲಲ್ಲಿ ಅಂಕಮ್ಮ ಕಣ್ಣು ಮುಚ್ಚಿಕೊಂಡರು.

ಮುನಿಶಾಮಯ್ಯನವರು ಬಾಯಿ ಮುಚ್ಚಿದರು. ತಮ್ಮ ತೋಟದಿಂದ ಕದಿಯುವಂಥದ್ದೂ ಒಂದಿದೆ ಎಂದಾಯಿತು. ಇಷ್ಟು ಸಂತೋಷ ಅವರಿಗೆ ನಿವೃತ್ತಿಯ ದಿನ ಹಾರ ಹಾಕಿದಾಗಲೂ ಆಗಿರಲಿಲ್ಲ.

"ಒಲೆ ಮ್ಯಾಲೆ ಹಾಲೈತೆ ಬೀಗ್ರೆ," ಎಂದು ಹೇಳಿ, ಹಿಂತಿರುಗಿ ನೋಡದೆ ಒಳಗೆ ಹೋಗಿಬಿಟ್ಟರು.